‘ಉಂಟು’ ಎಂಬ ತಪ್ಪು

ಇವತ್ತಿನ ಪತ್ರಿಕೆಯಲ್ಲಿ ‘ಕಡಬು: ಕೃಷಿಕರ ಸಭೆ’ ಎಂದು ಅಚ್ಚಾಗಿದೆ. ನಮ್ಮೂರು ಕಡಬಕ್ಕೆ ಒಂದೇ ಒಂದು ಕೊಂಬು ಮೂಡಿ, ಊರಿಗೆ ಊರೇ ತಿನ್ನುವ ಪದಾರ್ಥವಾಗಿಬಿಟ್ಟಿದೆ. ಇಂಥದ್ದು ಕಣ್ಣಿಗೆ ಬಿತ್ತೋ, ಕಾಫಿ ಆರಿದರೂ ಸರಿ, ನನ್ನ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ಹೈಸ್ಕೂಲಿನ ಕನ್ನಡ ಪಂಡಿತನಾಗಿದ್ದ ನನಗೆ ಮಕ್ಕಳ ತಪ್ಪು ತಿದ್ದುವುದು ವೃತ್ತಿಯಾಗಿತ್ತು. ಪತ್ರಿಕೆಯದ್ದು ತಿದ್ದುವುದು ನಿಷ್ಕಾಮ ಕರ್ಮ. ‘ಸುಳ್ಯ ವರದಿ’ಯು ‘ಸುಳ್ಳು ವರದಿ’ಯಾದಾಗ ಕಾರ್ಡು ಗೀಚಿದೆ, ರೇಡಿಯೋದಲ್ಲಿ ಅರಂತೋಡೆಂಬ ಊರು ‘ಅರ್ಧತೋಡು’ ಆದಾಗಲೂ ಗೀಚಿದೆ. ಒಂದಕ್ಕೂ ಉತ್ತರ ಬಂದದ್ದಿಲ್ಲ. ನಮ್ಮ ಮದುವೆಯ ಕರೆಯೋಲೆಯನ್ನೇ ತಿದ್ದಿ ಮಾವನಿಗೆ ವಾಪಸು ಕಳಿಸಿದ ಮಹಾನುಭಾವ ನಾನೆಂದು ಹೆಂಡತಿ ನೆಂಟರೆದುರು ಹೇಳುವುದುಂಟು. ಅದು ನಿಜವೇ.

ಎಪ್ಪತ್ತರ ದಶಕದಲ್ಲಿ ನನ್ನ ಈ ಸಾಹಿತ್ಯಕ್ಕಿದ್ದ ಏಕೈಕ ಓದುಗ ವರ್ಕಿ. ಕೇರಳದಿಂದ ಅಮ್ಮನನ್ನು ಕರೆದುಕೊಂಡು ಬಂದು ನಮ್ಮ ನೆರೆಯಲ್ಲಿ ರಬ್ಬರು ತೋಟ ಹಾಕಿದವನು. ಬೆಳಗ್ಗೆ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮುಗಿಸಿ ಬಂದು, ನಾನು ಕೆಂಪಾಗಿಸಿದ ಪತ್ರಿಕೆಯಲ್ಲೇ ಕನ್ನಡ ಕಲಿತ. ಎಷ್ಟು ಹೇಳಿದರೂ ಹೋಗದ ತಪ್ಪು ಅವನಲ್ಲಿ ಒಂದೇ: ‘ಉಂಟು’. ನಮ್ಮಲ್ಲಿ ಅನ್ನ ಉಂಟು, ಬಸ್ಸು ಉಂಟು, ಮನುಷ್ಯರಾದರೆ ‘ಇದ್ದಾರೆ’. ಮಲಯಾಳದಲ್ಲಿ ಆ ಭೇದವಿಲ್ಲವಂತೆ. ಅವನು ‘ಅಮ್ಮ ಮನೆಯಲ್ಲಿ ಉಂಟು’ ಎನ್ನುವುದು, ಅಮ್ಮ ಎಂತ ಅಡಿಕೆ ಮೂಟೆಯಾ ಮಾರಾಯ ಎಂದು ನಾನು ನಗುವುದು, ಅವನೂ ನಗುವುದು, ಹೀಗೆ ವರ್ಷಗಳು ಹೋದವು.

ಆ ಅಮ್ಮ ತೀರಿಕೊಂಡರು. ವರ್ಷ ತುಂಬುವಾಗ ವರ್ಕಿ ಪತ್ರಿಕೆಗೆಂದು ನಾಲ್ಕು ಸಾಲಿನ ಶ್ರದ್ಧಾಂಜಲಿಯನ್ನು ತಾನೇ ಬರೆದ. ಅಮ್ಮ ಮಣ್ಣಾದದ್ದು ಇಲ್ಲಿ, ಆದ್ದರಿಂದ ಇಲ್ಲಿಯ ಭಾಷೆಯಲ್ಲೇ ಇರಲಿ ಎಂದ. ನಾನು ಪುತ್ತೂರಿಗೆ ಹೊರಟಿದ್ದೆ, ಪತ್ರಿಕೆಯ ಏಜೆಂಟರಿಗೆ ಮುಟ್ಟಿಸಲು ನನ್ನ ಕೈಗೆ ಕೊಟ್ಟ. ಕೊನೆಯ ಸಾಲು ‘ಅಮ್ಮ ನಮ್ಮ ಜೊತೆ ಉಂಟು’. ನನ್ನಿಂದ ಸುಮ್ಮನಿರಲು ಆದೀತೇ, ನೀವೇ ಹೇಳಿ. ಬಸ್ಸಿನಲ್ಲೇ ತಿದ್ದಿದೆ. ಸತ್ತವರಿಗೆ ಭೂತಕಾಲವೇ ತಾನೇ? ‘ಅಮ್ಮ ನಮ್ಮ ಜೊತೆ ಇದ್ದರು’ ಎಂದು, ಒಂದಕ್ಷರದ ದೋಷವೂ ಇಲ್ಲದೆ ಅಚ್ಚಾಯಿತು.

ವರ್ಕಿ ಪತ್ರಿಕೆ ಹಿಡಿದು ಬಂದಾಗ ನಾನು ಹೊಗಳಿಕೆಗೆ ಸಿದ್ಧನಾಗಿ ಕೂತಿದ್ದೆ. ಅವನು ಆ ಸಾಲಿನ ಮೇಲೆ ಬೆರಳಿಟ್ಟ.

“ಮಾಷ್ಟ್ರೆ, ‘ಇದ್ದರು’ ಅಂದರೆ ಈಗ ಇಲ್ಲ ಅಂತ ಅಲ್ವಾ?”

ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅಂದೇ ಸಂಪಾದಕರಿಗೆ ಕಾರ್ಡು ಬರೆದೆ: ತಪ್ಪು ನನ್ನದು, ‘ಉಂಟು’ ಎಂದು ಓದಿಕೊಳ್ಳಬೇಕು. ನನ್ನ ಕಾರ್ಡುಗಳ ರಾಶಿಯಲ್ಲಿ ಅಚ್ಚಾದದ್ದು ಅದೊಂದೇ. ಆದರೆ ನನ್ನ ಹಳೆಯ ಕಾರ್ಡುಗಳಿಂದಲೇ ಪಾಠ ಕಲಿತಿದ್ದ ಯಾರೋ ಪುಣ್ಯಾತ್ಮ ಅದನ್ನು ‘ಇದ್ದಾರೆ’ ಎಂದು ತಿದ್ದಿದ್ದ. ವರ್ಕಿ ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದು, ಅದನ್ನು ಹೊಡೆದುಹಾಕಿ, ‘ಉಂಟು’ ಎಂದು ದುಂಡಗೆ ಬರೆದು, ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ. ಆ ಪತ್ರಿಕೆಯನ್ನು ನಾನು ತೆಗೆದಿಟ್ಟಿದ್ದೇನೆ.

ಹಾಗೆಂದು ಇವತ್ತಿನ ಕಡಬಿನ ಕೊಂಬು ಮುರಿಯದೆ ಬಿಡುವಷ್ಟು ದೊಡ್ಡವನೇನೂ ನಾನಾಗಿಲ್ಲ. ಕಾರ್ಡು ಬರೆಯುತ್ತಲೇ ಇದ್ದೇನೆ. ಅಷ್ಟರಲ್ಲಿ ಅಂಗಳದಿಂದ ವರ್ಕಿ, ಮಾಷ್ಟ್ರು ಉಂಟಾ ಎಂದು ಕೇಳುತ್ತಿದ್ದಾನೆ.

ಉಂಟು ಮಾರಾಯ, ಬಾ.