ದೀಪದ ಆಟ, ಕತ್ತಿ ಆಟ

ಮಧ್ಯಾಹ್ನದ ಊಟವಾದ ಮೇಲೆ ಟಿವಿಯ ಕೆಳಗಿರುವ ಆಟದ ಪೆಟ್ಟಿಗೆಯನ್ನು ಹಳೆಯ ಬನಿಯನ್ ಬಟ್ಟೆಯಿಂದ ಒರೆಸುತ್ತಿದ್ದೆ. ನಮ್ಮವರು ಆಗಷ್ಟೇ ಆಡಿ ಎದ್ದಿದ್ದರು. ಪೆಟ್ಟಿಗೆ ಇನ್ನೂ ಬಿಸಿಯಿತ್ತು, ಹಿಂದಿನ ಕಂಡಿಗಳಿಂದ ವಿಭೂತಿಯ ವಾಸನೆ ಬರುತ್ತಿತ್ತು. ನಗಬೇಡಿ. ಮಹಾನವಮಿಯ ದಿನ ಈಳಿಗೆ, ಕುಡುಗೋಲು, ಮಿಕ್ಸರ್, ನಮ್ಮವರ ಬೈಕು ಎಲ್ಲಕ್ಕೂ ವಿಭೂತಿ ಹಚ್ಚಿ ಕೈಮುಗಿಯುವಾಗ ಇದೊಂದನ್ನು ಬಿಡುವುದು ನನಗೆ ಸರಿ ಕಾಣಲಿಲ್ಲ. ಮೂರು ಬೆರಳು ಎಳೆದೆ. ಒಂದಿಷ್ಟು ಪುಡಿ ಕಂಡಿಯೊಳಗೆ ಇಳಿಯಿತು. ಅಂದಿನಿಂದ ಪೆಟ್ಟಿಗೆ ಬಿಸಿಯಾದಾಗಲೆಲ್ಲ ನಮ್ಮ ಕೋಣೆ ಮಠದ ಹಾಗೆ ಘಮ್ಮೆನ್ನುತ್ತದೆ.

ಆಗಲೇ ಫೋನು ಬಂತು. ಧಾರವಾಡದಲ್ಲಿ ಓದುತ್ತಿರುವ ಮಗಳು ಶಿವಲೀಲಾ.

"ಅವ್ವ, ನನ್ನ ಗೆಳತಿ ಕಡೆ ಒಂದ್ ಹೊಸಾ ಆಟ ಐತಿ. ನಮ್ಮ ಎರಡು ಡಿಸ್ಕಿನಾಗ ಒಂದು ಕೊಟ್ರ ಅದನ್ನ ಕೊಡ್ತಾಳಂತ. ಯಾವುದು ಕಳಸ್ತಿ? ದೀಪದ್ದೋ, ಕತ್ತೀದೋ?"

"ನಿಮ್ಮಪ್ಪನ್ನ ಕೇಳಬೇಕಿಲ್ಲ?"

"ಕೇಳೀನಿ. ನಿಮ್ಮವ್ವನ್ನ ಕೇಳು ಅಂದಾರ."

ಸಂಜೆಗೆ ಹೇಳುತ್ತೇನೆಂದು ಫೋನು ಇಟ್ಟೆ. ಒಂದು ಡಿಸ್ಕು ಕಳಿಸುವುದಕ್ಕೆ ಇಷ್ಟು ಯೋಚನೆ ಯಾಕೆ ಅನ್ನುತ್ತೀರಿ. ಕುಳಿತುಕೊಳ್ಳಿ, ಹೇಳುತ್ತೇನೆ.

ನಮ್ಮವರು ಮುನಿರಾಬಾದಿನಲ್ಲಿ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಮಾಡಿದವರು. ಕೆಲಸ ಮುಗಿಸಿ ಕೊಪ್ಪಳದಲ್ಲಿ ಮನೆ ಹಿಡಿದು ಒಂದು ವರ್ಷವೂ ತುಂಬಿರಲಿಲ್ಲ, ಒಂದು ಬೆಳಿಗ್ಗೆ ಚಹದ ಕಪ್ಪು ಅವರ ಎಡಗೈಯಿಂದ ತಾನಾಗಿ ಜಾರಿತು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ನನ್ನ ಚಟದಂತೆ ದೇವರ ಉಪಕಾರ ಎಣಿಸಲು ಕುಳಿತೆ. ಮಾತು ಉಳಿಯಿತು, ಒಂದು. ಕಾಲು ಎಳೆದರೂ ನಡೆಯುತ್ತಾರೆ, ಎರಡು. ಹೊಡೆದದ್ದು ಎಡಗೈಗೆ, ಬಲಗೈಗಲ್ಲ, ಮೂರು. ನೋಡಲು ಬಂದವರೆಲ್ಲ ಈ ಮೂರನೆಯದನ್ನೇ ಹೇಳಿದರು. "ಉಣ್ಣೋ ಕೈ ಉಳೀತಲ್ರಿ, ಪುಣ್ಯಾ ಅನ್ರಿ."

ಮೂರನೆಯದನ್ನು ನಾನು ತಪ್ಪು ಎಣಿಸಿದ್ದೆ. ಅದು ತಿಳಿದದ್ದು ಅವರು ಮೊದಲ ಸಲ ಸ್ನಾನ ಮಾಡಿ ಪೂಜೆಗೆ ಕುಳಿತಾಗ. ನಮ್ಮಲ್ಲಿ ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯ ಮೇಲೆ. ನೀರು, ವಿಭೂತಿ, ಪತ್ರಿ ಏರಿಸುವುದು ಬಲಗೈ. ಉಣ್ಣುವ ಕೈ ಉಳಿದಿತ್ತು, ದೇವರು ಕೂಡುವ ಕೈ ಹೋಗಿತ್ತು. ಅಂಗೈ ಒಂದು ಕಡೆ ವಾಲಿ ಲಿಂಗ ಜಾರಿತು. ಮಡಿಲ ವಸ್ತ್ರದಲ್ಲಿ ಬಿತ್ತು, ನೆಲಕ್ಕಲ್ಲ. ಅಷ್ಟು ಸಾಕಾಗಿತ್ತು. ನಾನು "ಅಯ್ಯೋ ಶಿವನ!" ಎಂದು ಮನೆ ಹಾರಿಹೋಗುವಂತೆ ಕೂಗಿದೆ. ಅವರು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ಮರುದಿನ ನಾನು ಅವರ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟು ಆಧಾರ ಕೊಡಲು ಹೋದೆ.

"ಬ್ಯಾಡ ಬಿಡು. ಮಂದಿ ಕೈ ಮ್ಯಾಲಿನ ಪೂಜಿ ಎಂಥಾ ಪೂಜಿ," ಅಂದರು.

ಮೂವತ್ತು ವರ್ಷ ಬಾಳಿದ ನಾನು 'ಮಂದಿ' ಆದೆನಲ್ಲ ಎಂದು ಒಳಗೆ ಹೋಗಿ ಹಿಟ್ಟು ನಾದಿದೆ. ಆ ದಿನದ ರೊಟ್ಟಿ ಭಾಳ ಮೆತ್ತಗೆ ಬಂದಿದ್ದವು. ಅಂದಿನಿಂದ ಅವರು ಕೊರಳ ಕರಡಿಗೆ ಮುಟ್ಟಿ ನಮಸ್ಕಾರ ಮಾಡಿ ಏಳುತ್ತಿದ್ದರು, ಅಷ್ಟೇ. ಹುಟ್ಟಿದಾಗಿನಿಂದ ಪೂಜೆ ತಪ್ಪಿಸದ ಮನುಷ್ಯ ಬೆಳಗಿನ ಹೊತ್ತು ಅಂಗಳದ ಕಡೆ ಮುಖ ಮಾಡಿ ಸುಮ್ಮನೆ ಕೂಡುವುದನ್ನು ನೋಡುವುದಿದೆಯಲ್ಲ, ಅದು ಬೇಡ.

ಕೈ ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಹಸಿರು ಸ್ಪಂಜಿನ ಚೆಂಡು ಕೊಟ್ಟಿದ್ದರು, ದಿನಾ ಹಿಚುಕಬೇಕೆಂದು. ಎರಡು ದಿನ ಹಿಚುಕಿ, "ನಾ ಏನು ಕೂಸೇನು?" ಎಂದು ಅದನ್ನು ಕಪಾಟಿನ ಮೇಲೆ ಒಗೆದರು. ಆಗ ಶಿವಲೀಲಾ ತಂದದ್ದು ಈ ಪೆಟ್ಟಿಗೆ. ಅವಳ ಗೆಳತಿಯ ಮನೆಯವರು ಹೊಸದು ತಂದು ಹಳೆಯದನ್ನು ಇವಳಿಗೆ ಕೊಟ್ಟಿದ್ದರು. ಜೊತೆಗೆ ಎರಡು ಡಿಸ್ಕು, ಎರಡು ರಿಮೋಟು. ಅದನ್ನು ಕಂಟ್ರೋಲರ್ ಅನ್ನಬೇಕಂತೆ. ನನ್ನ ಬಾಯಲ್ಲಿ ಅದು ರಿಮೋಟೇ.

ದೀಪದ ಆಟ ನನ್ನನ್ನು ಹಿಡಿದ ಬಗೆ ಹೇಳಬೇಕು. ಬೆನ್ನು ಬಾಗಿದ ಒಬ್ಬ ಮುದುಕಿ ಕೈಯಲ್ಲಿ ದೀಪ ಹಿಡಿದು ಬಂಡೆಗಲ್ಲಿನ ಬೆಟ್ಟ ಹತ್ತುತ್ತಾಳೆ. ದಾರಿಯಲ್ಲಿ ನೆರಳಿನಂಥ ಮೃಗಗಳು ಮೈಮೇಲೆ ಬರುತ್ತವೆ. ಅವಳ ಹತ್ತಿರ ಆಯುಧವಿಲ್ಲ. ದೀಪ ಎತ್ತಿ, ಗುರಿ ನೋಡಿ, ಬೆಳಕನ್ನು ಅವುಗಳ ಮುಖಕ್ಕೆ ಬೀಸಬೇಕು. ಓಡಿದರೆ ಗಾಳಿಗೆ ದೀಪ ಉಳಿಯುವುದಿಲ್ಲ. ಹೆಬ್ಬೆರಳಿನಿಂದ ಎಡಗಡೆಯ ಗುಂಡಿಯನ್ನು ಹೂವು ಮುಟ್ಟಿದಂತೆ ಒತ್ತಿ ನಡೆಸಬೇಕು. ನನ್ನ ತವರು ಇರಕಲ್ಲಗಡ. ಆ ಬೆಟ್ಟದ ಬಂಡೆಗಳನ್ನು ನೋಡಿದರೆ ನಮ್ಮೂರ ಗುಡ್ಡಕ್ಕೆ ಕಟ್ಟಿಗೆಗೆ ಹೋದಂತೆಯೇ ಅನಿಸುತ್ತಿತ್ತು. ಸಂಜೆಯ ಬಿಸಿಲು ಕಲ್ಲಿನ ಮೇಲೆ ಕೆಂಪಗೆ ಹರಡುವುದನ್ನು ಯಾರೋ ದೂರದೇಶದವರು ಕುಳಿತು ಹೀಗೆ ಬಿಡಿಸಿದ್ದಾರಲ್ಲ, ಅವರ ಕೈ ತಣ್ಣಗಿರಲಿ. ಮೊದಲ ದಿನವೇ ಮುದುಕಿಯನ್ನು ಒಂದು ಹಾಳು ಗುಡಿಯ ಮುಂದೆ ನಿಲ್ಲಿಸಿ ನಾನು ಎರಡೂ ಕೈ ಎತ್ತಿ ಮುಗಿದೆ. ರಿಮೋಟು ಮಡಿಲಿಗೆ ಬಿತ್ತು, ಹಿಂದಿನಿಂದ ಮೃಗ ಬಂದು ಮುದುಕಿಯನ್ನು ಕೆಡವಿತು. ಭಕ್ತಿಗೂ ಒಂದು ಹೊತ್ತು ಗೊತ್ತು ಇರಬೇಕೆಂದು ಆ ದಿನ ಕಲಿತೆ.

ಕತ್ತಿ ಆಟ ಇದಕ್ಕೆ ಪೂರಾ ತಿರುಗುಮುರುಗು. ಕೆಂಪು ರುಮಾಲಿನ ಒಬ್ಬ ದಾಂಡಿಗ, ಎರಡು ಕೈಗೆ ಎರಡು ಕತ್ತಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹತ್ತು ರಾಕ್ಷಸರು. ಹಲಗೆ ಬಡಿದಂಥ ಸಪ್ಪಳ, ಕಿಡಿ, ಕೂಗಾಟ. ಒಗ್ಗರಣೆಗೆ ಸಾಸಿವೆ ಹಾಕಿದಂತೆ ಸಿಡಿಯುವ ಆಟ. ನಮ್ಮವರಿಗೆ ಅದೇ ಸೇರಿತು. ರಿಮೋಟನ್ನು ದಿಂಬಿನ ಮೇಲಿಟ್ಟು, ಎಡಗೈಯನ್ನು ಪಕ್ಕದಲ್ಲಿ ಸುಮ್ಮನೆ ಮಲಗಿಸಿ, ಬಲಗೈಯಿಂದ ಹೊಡೆಯುವ ಗುಂಡಿ ಬಡಿಯುತ್ತಿದ್ದರು. ದಾಂಡಿಗ ನಿಂತಲ್ಲೇ ನಿಂತು, ಬಂದವರನ್ನು ಬಂದಂತೆ ಕಡಿಯುತ್ತಿದ್ದ; ಅವರು ಮುಗಿದರೆ ಆಟವೇ ಅವನನ್ನು ಮುಂದಿನ ಅಂಗಳಕ್ಕೆ ಒಯ್ಯುತ್ತಿತ್ತು.

ಇದರಿಂದ ಎಡಗೈಗೆ ಏನು ಬಂತು? ನನ್ನ ಲೆಕ್ಕದಲ್ಲಿ ಔಷಧಿ ಇದ್ದದ್ದು ದೀಪದ ಆಟದಲ್ಲಿ. ಕಾಡಿ ಬೇಡಿ ಅವರ ಕೈಗೆ ಕೊಟ್ಟೆ. ಎಡ ಹೆಬ್ಬೆರಳು ನಡುಗುತ್ತ ಗುಂಡಿಯ ಮೇಲೆ ಕೂತಿತು. ಮುದುಕಿ ನಾಲ್ಕು ಹೆಜ್ಜೆ ನಡೆದಳು. ಬೆರಳು ಜಾರಿತು, ಅವಳು ಓಡಿದಳು, ದೀಪ ಹೋಯಿತು.

"ಅಯ್ಯೋ, ದೀಪ ಶಾಂತಾತಲ್ಲೋ ಶಿವನ!" ನನ್ನ ಬಾಯಿ ನನ್ನ ಮಾತು ಕೇಳಿದರಲ್ಲವೇ.

ಅವರು ನನ್ನ ಕಡೆ ನೋಡಿದರು. "ಇದು ಆಟಲ್ಲ, ಪಾದಯಾತ್ರಿ. ನೀನ ಆಡು," ಎಂದು ಮುಂದೆ ಸರಿಸಿದರು. ಮತ್ತೆ ಮತ್ತೆ ಕೊಟ್ಟೆ. ಪ್ರತಿ ಸಲ ದೀಪ ಹೋಗುತ್ತಿತ್ತು, ಪ್ರತಿ ಸಲ ನಾನು ಉಸಿರು ಎಳೆದು ಎದೆ ಹಿಡಿದುಕೊಳ್ಳುತ್ತಿದ್ದೆ. ಕೊನೆಗೆ ಅವರು ಆ ಡಿಸ್ಕಿನ ಡಬ್ಬಿ ಮುಟ್ಟುವುದನ್ನೇ ಬಿಟ್ಟರು. ತಪ್ಪು ಅವರದೆಂದೇ ನಾನು ತಿಳಿದಿದ್ದೆ ನೋಡಿ.

ಈ ನಡುವೆ ಕತ್ತಿ ಆಟದಲ್ಲಿ ಹೋರಿ ಬಂತು.

ಹೊಲದ ಕಣದಷ್ಟು ಅಗಲದ ಒಂದು ಅಂಗಳ, ಸುತ್ತ ಗೋಡೆ, ಎದುರಿಗೆ ಮುಚ್ಚಿದ ದೊಡ್ಡ ಕಬ್ಬಿಣದ ಬಾಗಿಲು. ನಡುವೆ ಆನೆಯಷ್ಟು ಎತ್ತರದ ಬಿಳಿ ಹೋರಿ. ಬೆನ್ನಿನ ಮೇಲೆ ಡುಬ್ಬದಂತೆ ಉಬ್ಬಿದ ಇಣಿ, ಹಣೆಯ ಮೇಲೆ ಬೂದಿಬಣ್ಣದ ಮೂರು ಗೆರೆ! ಆಟ ಮಾಡಿದವರಿಗೆ ಅದು ಏನೋ ಒಂದು ಗುರುತು. ನಮಗೆ? ನಮ್ಮವರು ರಿಮೋಟು ಕೆಳಗಿಟ್ಟರು.

"ಬಸವನ್ನ ನಾ ಹೊಡಿಯಂಗಿಲ್ಲ."

ಫೋನಿನಲ್ಲಿ ಶಿವಲೀಲಾ ತಲೆ ಚಚ್ಚಿಕೊಂಡಳು. "ಅಪ್ಪಾ, ಅದು ಬರೇ ಚಿತ್ರ! ಹೊಡೀದಿದ್ರ ಆಟ ಮುಂದ ಹೋಗಂಗಿಲ್ಲ."

"ಹೋಗದಿದ್ರ ಬಿಡವಾ. ಕಾರಹುಣ್ಣಿವಿ ದಿನ ಎತ್ತಿಗೆ ಹೋಳಿಗಿ ತಿನ್ನಿಸಿದ ಕೈಲೆ ಹೊಡೀಲೇನು?"

ಆದರೆ ಆಟ ಬಿಡುವ ಮನಸ್ಸೂ ಇಲ್ಲ. ಮರುದಿನ ಮತ್ತೆ ಕುಳಿತರು. ಹೋರಿ ಕೋಡು ಬಗ್ಗಿಸಿ ಬಂತು. ಹೊಡೆಯುವಂತಿಲ್ಲ ಅಂದ ಮೇಲೆ ತಪ್ಪಿಸಿಕೊಳ್ಳಬೇಕು. ತಪ್ಪಿಸಿಕೊಳ್ಳಬೇಕೆಂದರೆ ಓಡಬೇಕು. ಓಡಿಸುವ ಗುಂಡಿ ಎಡಗಡೆ. ನಾನು ಒಳಗಿನಿಂದ ನೋಡುತ್ತಿದ್ದೆ. ದಿಂಬಿನ ಪಕ್ಕದಲ್ಲಿ ಮಲಗಿದ್ದ ಎಡಗೈಯನ್ನು ಅವರು ಬಲಗೈಯಿಂದ ಎತ್ತಿ ರಿಮೋಟಿನ ಮೇಲಿಟ್ಟರು. ದಾಂಡಿಗ ಎರಡು ಹೆಜ್ಜೆ ಓಡಿದ, ಹೋರಿ ಗುದ್ದಿತು, ದಾಂಡಿಗ ಅಂಗಾತ ಬಿದ್ದ. ನನ್ನ ಬಾಯಲ್ಲಿ "ಅಯ್ಯೋ" ಬರಲಿಲ್ಲ. ಬಿದ್ದವನು ಎದ್ದು, ರುಮಾಲಿನ ಧೂಳು ಜಾಡಿಸಿ, ಮೀಸೆ ತಿರುವಿದರೆ ಅಯ್ಯೋ ಅನ್ನುವುದಾದರೂ ಹೇಗೆ? ನಾನು ನಕ್ಕೆ. ನಮ್ಮವರೂ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಈ ಮನೆಯಲ್ಲಿ ಇಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಪಕ್ಕದ ಮನೆಯ ಶಮೀಮ್ ಆಪಾ ಟೇಲರಿಂಗ್ ಮಾಡುತ್ತಾರೆ. ಮಧ್ಯಾಹ್ನ ಸೀರೆಯ ಫಾಲ್ ಹಚ್ಚುತ್ತ ನಮ್ಮಲ್ಲಿ ಬಂದು ಕೂಡುವುದು ರೂಢಿ. ಹದಿನೈದು ದಿನ ಈ ಓಟ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಅಣ್ಣಾರ, ಎರಡು ಕತ್ತಿ ಇಟ್ಕೊಂಡು ಹಿಂಗ ಓಡತೀರಲ್ಲ, ಶರಮ್ ಆಗಂಗಿಲ್ಲೇನ್ರಿ?"

"ಆಪಾ, ಕತ್ತಿ ಶೋಕೀಗೆ. ಓಡೋದು ಜೀವಕ್ಕ."

"ಹೌದ್ ಬಿಡ್ರಿ. ನಮ್ಮ ಮನ್ಯಾಗೂ ಹಂಗ. ಕತ್ರಿ ನನ್ನ ಕೈಯಾಗಿರತೈತಿ, ನಾನ ಓಡತಿರತೀನಿ."

ದಿನ ಕಳೆದಂತೆ ಬೀಳುವುದು ಕಡಿಮೆಯಾಯಿತು. ಎರಡು ಹೆಜ್ಜೆ ಹತ್ತಾಯಿತು, ಹತ್ತು ಒಂದು ಸುತ್ತಾಯಿತು. ಆಮೇಲೆ ಒಂದು ಮಧ್ಯಾಹ್ನ ನಮ್ಮವರು ಓಡುವುದನ್ನು ನಿಲ್ಲಿಸಿದರು. ದಾಂಡಿಗನನ್ನು ನೆಟ್ಟಗೆ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಹೋರಿ ಕಾಲು ಕೆರೆಯಿತು.

"ಸರೀರಿ, ಸರೀರಿ!" ನಾನು ಕೂಗಿದೆ.

"ತಡಿ. ಮೂವತ್ತು ವರ್ಷ ಗೇಟ್ ಕಾಯ್ದೀನಿ. ನೀರನ್ನ ಯಾರರ ಹೊಡೀತಾರೇನು? ದಾರಿ ಕೊಡ್ತಾರ."

ಹೋರಿ ನುಗ್ಗಿತು. ಕೋಡು ಇನ್ನೇನು ಎದೆಗೆ ತಗಲಬೇಕು, ಎಡ ಹೆಬ್ಬೆರಳು ಗುಂಡಿಯನ್ನು ಪಕ್ಕಕ್ಕೆ ತಳ್ಳಿತು. ನಡುಗುತ್ತಲೇ ತಳ್ಳಿತು, ಆದರೆ ತಳ್ಳಿ ಹಿಡಿಯಿತು. ಹೋರಿ ಬಾಗಿಲಿಗೆ ಗುದ್ದಿತು, ಬಾಗಿಲು ಬಗ್ಗಿತು. ಮೂರನೆಯ ಗುದ್ದಿಗೆ ಬಾಗಿಲು ಮುರಿದು ಆಚೆಯ ಹಸಿರು ಕಂಡಿತು. ದಣಿದ ಹೋರಿ ಮೊಳಕಾಲೂರಿ ಕುಳಿತಿತು. ನಮ್ಮವರ ದಾಂಡಿಗ ಅದರ ಪಕ್ಕದಲ್ಲಿ ಹಾದು, ಕತ್ತಿ ಎತ್ತದೆ, ಹೊರಗೆ ನಡೆದುಹೋದ. ಶಮೀಮ್ ಆಪಾ ಸೂಜಿ ಹಿಡಿದ ಕೈಯಿಂದಲೇ ಚಪ್ಪಾಳೆ ಹೊಡೆದು ಚುಚ್ಚಿಸಿಕೊಂಡರು. ಹೊಡೆಯದೆಯೂ ಗೆಲ್ಲಬಹುದೆಂದು ಮಗಳಿಗೆ ಗೊತ್ತೇ ಇರಲಿಲ್ಲವಂತೆ. ಆ ದಾರಿಯನ್ನೂ ಇಟ್ಟ ಪುಣ್ಯಾತ್ಮರು ಯಾರೋ.

ಅದಾದ ನಾಲ್ಕನೆಯ ದಿನವೋ ಐದನೆಯ ದಿನವೋ, ನಾನು ಅಡಿಗೆ ಮನೆಯಿಂದ ಬಂದಾಗ ಅವರು ದೇವರ ಜಗಲಿಯ ಮುಂದೆ ಕುಳಿತಿದ್ದರು. ಕರಡಿಗೆ ತೆರೆದಿತ್ತು. ಎಡ ಅಂಗೈ ಮುಂದೆ ಚಾಚಿತ್ತು, ಬೆರಳುಗಳು ಗೂಡಿನಂತೆ ಒಳಗೆ ಬಾಗಿದ್ದವು. ನಡುವೆ ಲಿಂಗ. ನಾನು ಆರತಿಯ ದೀಪ ಹಿಡಿದು ಬಾಗಿಲಲ್ಲೇ ನಿಂತೆ. ನೀರು ಏರಿಸಿದರು, ವಿಭೂತಿ ಇಟ್ಟರು. ಪತ್ರಿ ಏರಿಸುವಾಗ ಅಂಗೈ ವಾಲಿತು. ಲಿಂಗ ಬೆರಳ ತುದಿಯ ಕಡೆ ಸರಿಯಿತು.

"ಅಯ್ಯೋ" ನನ್ನ ಗಂಟಲಿಗೆ ಬಂದೇಬಿಟ್ಟಿತ್ತು.

ಆ ಕ್ಷಣದಲ್ಲಿ, ಎಂಥ ಹುಚ್ಚು ನೋಡಿ, ನನಗೆ ನೆನಪಾದದ್ದು ಕೆಂಪು ರುಮಾಲಿನವನು ಬಿದ್ದು ಎದ್ದು ಧೂಳು ಜಾಡಿಸುವುದು. ಮುದುಕಿಯ ದೀಪ ಹೋದಾಗಲೆಲ್ಲ ಕೂಗಿ ಕೂಗಿ ಈ ಮನುಷ್ಯನ ಬೆರಳಿಗೆ ಹೆದರಿಕೆ ಹಾಕಿದವಳು ನಾನೇ ಎಂಬುದೂ ಆಗಲೇ ಹೊಳೆಯಿತು. ಕೂಗನ್ನು ನುಂಗಿದೆ. ಕೈಯಲ್ಲಿದ್ದ ದೀಪದ ಬತ್ತಿಯನ್ನೇ ನೋಡುತ್ತ ನಿಂತೆ. ತಲೆ ಎತ್ತಿದಾಗ ಬೆರಳುಗಳು ಮೇಲೆ ಎದ್ದಿದ್ದವು, ಲಿಂಗ ಅಂಗೈಯ ನಡುವೆ ಮರಳಿ ಕೂತಿತ್ತು. ಅವರ ಮೂಗಿನ ತುದಿಯಲ್ಲಿ ಬೆವರ ಹನಿ.

"ಏನ್ ನೋಡಾಕತ್ತಿ, ಆರತಿ ತಾ," ಅಂದರು.

ಈಗಲೂ ಆ ಕೈ ಪೂರಾ ಬಂದಿಲ್ಲ. ಅದಕ್ಕೆ ಚಹದ ಕಪ್ಪು ಕೊಡುವುದಿಲ್ಲ ನಾನು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ. ಔಷಧಿಯದೋ, ಆಟದ್ದೋ, ದೇವರದೋ, ಯಾರ ಪಾಲು ಎಷ್ಟೆಂದು ಹಂಚುವಷ್ಟು ನಾನು ಓದಿಲ್ಲ. ಮೂರನೆಯ ಉಪಕಾರವನ್ನು ಮಾತ್ರ ತಿದ್ದಿ ಎಣಿಸಿಕೊಂಡಿದ್ದೇನೆ: ದೇವರು ಕೂಡುವಷ್ಟು ಕೈ ಮರಳಿತು, ಮೂರು.

ಚೆಲುವಿನಲ್ಲಿ ದೀಪದ ಆಟದ ಮುಂದೆ ಕತ್ತಿ ಆಟ ನಿಲ್ಲುವುದಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆ ಬೆಟ್ಟದ ತುದಿ ಮುಟ್ಟಿದ ದಿನ ನಾನು ಸಿಹಿ ಮಾಡಿ ಆಪಾರ ಮನೆಗೂ ಕೊಟ್ಟಿದ್ದೆ. ಆದರೂ ಸಂಜೆ ಧಾರವಾಡಕ್ಕೆ ಫೋನು ಹಚ್ಚಿದೆ.

"ದೀಪದ್ದು ಕಳಸ್ತೀನವಾ."

"ಏನು! ಅವ್ವ, ನಿನಗ ದೀಪದ ಆಟ ಅಂದ್ರ ಜೀವ ಅಲ್ಲ?"

"ಜೀವ ಹೌದು. ಆದ್ರ ದೀಪ ನಮ್ಮ ಜಗಲೀ ಮ್ಯಾಲ ಐತಿ. ಬೀಳೋದು ಕಲಿಸಾಕ ಮನ್ಯಾಗ ಕತ್ತೀದೊಂದ ಐತಿ. ಇರಲಿ."

ಡಿಸ್ಕನ್ನು ಸೆರಗಿನಿಂದ ಒರೆಸಿ, ಡಬ್ಬಿಗೆ ಹಾಕಿ, ಮುದುಕಿಗೆ ಒಂದು ನಮಸ್ಕಾರ ಮಾಡಿದೆ. ಆಮೇಲೆ ಕತ್ತಿ ಆಟವನ್ನು ಮೊದಲಿನಿಂದ ಹಚ್ಚಿ, ಮೊದಲ ಸಲ ನಾನೇ ಕುಳಿತೆ. ಮೊದಲ ರಾಕ್ಷಸನೇ ನನ್ನನ್ನು ಅಂಗಾತ ಕೆಡವಿದ. ನಮ್ಮವರು ಹಿಂದಿನಿಂದ ಕೈ ಚಾಚಿ ನನ್ನ ಹೆಗಲ ಮೇಲಿಟ್ಟರು, ಎಡಗೈ.

"ಏಳು," ಅಂದರು. "ಧೂಳು ಜಾಡಿಸ್ಕೊ."