ಇಲಿ ಹಿಡಿಯದ ಬೆಕ್ಕುಗಳು

ರಬಕವಿಯ ಪದ್ಮವ್ವನಂಥ ದಯಾವಂತೆ ಆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ; ಆ ದಯೆಯೇ ಬೆಕ್ಕುಗಳ ಕೊರಳಿಗೆ ಉರುಳಾಯಿತು. ಬೆಕ್ಕು ಕೊಂದ ಇಲಿಯ ಪಾಪ ಅದಕ್ಕೆ ಹಾಲು ಹಾಕಿದವರಿಗೇ ಅಂಟುತ್ತದೆಂದು ಆ ಜೈನರ ಮುದುಕಿ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿದ್ದಳು. ಹಾಕದೆ ಬಿಡಲೂ ಕರುಳು ಕೇಳದು. ಸರಿ, ಬಂದ ಬೆಕ್ಕನ್ನೆಲ್ಲ ಕತ್ತಲೆಕೋಣೆಯಲ್ಲಿ ಕೂಡಿಹಾಕಿ ಅಂಬಲಿ, ಮಜ್ಜಿಗೆ ಇಡತೊಡಗಿದಳು. ಮೂರಿದ್ದವು ಇಪ್ಪತ್ತಾರಾದವು. ಯಾರು ಹೇಳಬೇಕು ಈಕೆಗೆ ಬುದ್ಧಿ?

ಆಕೆ ಸೊಂಟ ಮುರಿದುಕೊಂಡು ಬಿದ್ದ ದಿನ ಪಕ್ಕದ ಮನೆಯ ನೇಕಾರ ಹೆಂಗಸು ಹಣಮವ್ವ ಆ ಕೋಣೆಯ ಬಾಗಿಲು ತೆಗೆದಳು. ನಾತ ಮುಖಕ್ಕೆ ಹೊಡೆಯಿತು. ಬೆಕ್ಕುಗಳ ಕಣ್ಣು ಕೀವಿನಿಂದ ಅಂಟಿದ್ದವು, ಎಲುಬು ಎಣಿಸುವಂತಿದ್ದವು. ಹಣಮವ್ವನಿಗೆ ಏನೂ ಅನ್ನಿಸಲಿಲ್ಲ. ಹಿಂದಿನ ವರ್ಷ ಸಂಸ್ಥಾನದ ಊರೂರನ್ನೇ ಬರಿದು ಮಾಡಿದ ಜ್ವರದಲ್ಲಿ ಮಗಳು ಶಿವವ್ವ ಹೋದಾಗಿನಿಂದ ಆಕೆಗೆ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಅತ್ತಿರಲೂ ಇಲ್ಲ. ಗೊತ್ತಿಲ್ಲದವರು ಮಗಳನ್ನು ಕೇಳಿದರೆ, "ಮನಿಯಾಗಿಲ್ಲ" ಎನ್ನುತ್ತಿದ್ದಳು, ಅಷ್ಟೇ.

"ಇವನ್ನ ನಾ ಒಯ್ತೀನ್ರಿ ಅಕ್ಕಾರ. ಇಲ್ಲಿದ್ರ ಒಂದೂ ಉಳಿಯಂಗಿಲ್ಲ."

"ಒಯ್ಯಿ ತಂಗಿ. ಇಲಿ ಹಿಡೀಗೊಡಂಗಿಲ್ಲ ಅಂತ ಆಣಿ ಮಾಡು," ಎಂದಳು ಪದ್ಮವ್ವ.

"ಶಿವವ್ವನ ಆಣಿ." ಬಾಯಿಗೆ ಬಂದದ್ದು ಅದೇ.

ಬಿಸಿನೀರಿನ ಅರಿವೆಯಿಂದ ಕಣ್ಣು ಒರೆಸಿದಳು. ನೂಲಿನ ಎಳೆಯನ್ನು ಹಾಲಲ್ಲಿ ಅದ್ದಿ ಬಾಯಿಗಿಟ್ಟಳು. ದಿನಕ್ಕೊಂದು ಸಾಯುತ್ತಿತ್ತು, ಹಿತ್ತಲಲ್ಲಿ ಹೂತು, ಕೈ ತೊಳೆದು ಮಗ್ಗಕ್ಕೆ ಕೂರುತ್ತಿದ್ದಳು. ಉಳಿದ ಒಂಬತ್ತೋ, ಕತ್ತಲೆಯಲ್ಲೇ ಹುಟ್ಟಿದ ಪುಕ್ಕಲುಗಳು. ಎದುರಿಗೇ ಇಲಿ ಹಾದರೂ ಕದಲವು. ಗಂಜಿ ಹಚ್ಚಿದ ಹಾಸುನೂಲನ್ನು ಒಣಗಲು ಬಿಟ್ಟರೆ ಮಾತ್ರ ಸಾಲಾಗಿ ಬಂದು ನೆಕ್ಕುತ್ತಿದ್ದವು!

"ಇಲಿ ಕಾಟ ಸಾಲ್ದಂತ ಇವನ್ನೂ ತಂದೀಯೇನ?" ಎಂದು ಗಂಡ ಜಕ್ಕಪ್ಪ ತಲೆಗೆ ಕೈ ಹಚ್ಚಿದ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಾಗ ಪಾದದ ಮೇಲೆ ಬೆಚ್ಚಗೆ ಏನೋ ಬಿತ್ತು. ಸತ್ತ ಇಲಿ. ಒಕ್ಕಣ್ಣಿನ ಬೂದಿ ಬೆಕ್ಕು ಅದನ್ನು ಹಾಕಿ ಆಕೆಯ ಮುಖವನ್ನೇ ನೋಡುತ್ತ ಕೂತಿತ್ತು. ಇನ್ನು ಇವು ಬದುಕಿದವು ಎಂದುಕೊಂಡಳು. ಆಮೇಲೆ ಆಣೆ ನೆನಪಾಯಿತು. ಸುಮ್ಮನಿದ್ದರೆ ಹಾಸಿಗೆ ಹಿಡಿದ ಮುದುಕಿಗೆ ಯಾರು ಹೇಳುತ್ತಿದ್ದರು? ಆದರೂ ಲಾಳಿ ಕೆಳಗಿಟ್ಟು ಎದ್ದು ಹೋದಳು.

"ಅಕ್ಕಾರ, ಬೂದಿ ಬೆಕ್ಕು ಇಲಿ ಹಿಡೀತ್ರಿ."

ಪದ್ಮವ್ವ ಮಲಗಿದಲ್ಲೇ ಕೈ ಮುಗಿದಳು. "ಆ ಪಾಪ ನಂಗಿರ್ಲಿ. ಆದ್ರ ತಂಗಿ, ಶಿವವ್ವನ ಆಣಿ ಮಾಡಿದ್ದಿಯಲ್ಲ?"

"ಆಕಿಗೇನೂ ಆಗಂಗಿಲ್ರಿ," ಎಂದಳು ಹಣಮವ್ವ. "ಆಕಿ ಸತ್ತು ವರ್ಷಾತು."

ಆ ಮಾತು ತನ್ನ ಕಿವಿಗೇ ಬಿದ್ದಾಗ ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ಪದ್ಮವ್ವ ಹಾಸಿಗೆಯಿಂದಲೇ ಕೈ ಚಾಚಿದಳು. ಎಟುಕಲಿಲ್ಲ.