ಹೊಡೆದವನ ಹೆಸರಿನ ರಸೀದಿ

ಗಾಯದಕ್ಕ ಅಂತ ಅವಳಿಗೆ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಅವಳ ಫೋಟೋ ಸ್ಟುಡಿಯೋ. ಕೆಳಗೆ ಅವಳಣ್ಣನ ಮುದ್ರಣದ ಅಂಗಡಿ. ಗುರುತಿನ ಚೀಟಿಯ ಫೋಟೋ, ಶಾಲೆ ಮಕ್ಕಳ ಫೋಟೋ, ಹೊಸ ಜೋಡಿಗಳ ಫೋಟೋ, ಹೊಟ್ಟೆಪಾಡು ನಡೆಯುತ್ತಿದ್ದದ್ದು ಇವುಗಳಿಂದಲೇ. ಆದರೆ ಊರಿಗೆ ಅವಳು ಗೊತ್ತಿದ್ದದ್ದು ಗಾಯದ ಫೋಟೋಗಳಿಂದ. ಗಂಡನ ಕೈಲಿ ಏಟು ತಿಂದ ಹೆಂಡತಿ, ಮಗನ ಕೈಲಿ ಒದೆ ತಿಂದ ತಾಯಿ, ಯಜಮಾನ ಕಾದ ಸೌಟು ಇಟ್ಟ ಕೆಲಸದವಳು, ಎಲ್ಲರೂ ಡಾಕ್ಟರ ಹತ್ತಿರ ಹೋಗುವ ಮೊದಲು ಆ ಮೆಟ್ಟಿಲು ಹತ್ತುತ್ತಿದ್ದರು. ಅವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಗಾಯದ ಪಕ್ಕಕ್ಕೆ ದರ್ಜಿಯ ಅಳತೆ ಟೇಪು ಹಿಡಿದು, "ಅತ್ತರೆ ಫೋಟೋ ಅಲುಗುತ್ತೆ, ಆಮೇಲೆ ಎಷ್ಟು ಬೇಕಾದ್ರೂ ಅಳು" ಅಂತ ಗದರಿ ಗುಂಡಿ ಒತ್ತುತ್ತಿದ್ದಳು.

ಈ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಅವಳ ಗಂಡ ಅನ್ನಿಸಿಕೊಂಡವನು ಒಂದು ದಿನ ಅವಳ ಎಡ ಮಣಿಕಟ್ಟನ್ನು ಕ್ಯಾಮೆರಾ ಸ್ಟ್ಯಾಂಡಿನಿಂದಲೇ ಮುರಿದಿದ್ದ. ಕೋರ್ಟಿಗೆ ಹೋಗುವ ಹೊತ್ತಿಗೆ ಮೂಳೆ ಕೂಡಿ, ಬಾವು ಇಳಿದು, ಕೈ ಎಲ್ಲರ ಕೈಯಂತೆ ಕಾಣುತ್ತಿತ್ತು. "ಪುರಾವೆ ಏನಿದೆಯಮ್ಮಾ?" ಅಂತ ಕೇಳಿದಾಗ, ಫೋಟೋ ತೆಗೆಯುವುದೇ ಕಸುಬಾದವಳ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ. ಮುಂದೆ ಗಂಡ ಇನ್ಯಾರದೋ ಜತೆ ಊರು ಬಿಟ್ಟ, ಪೀಡೆ ತೊಲಗಿತು. ಆದರೆ ಅವತ್ತು ಮೂಗಿನ ತುದಿಗೆ ಬಂದು ಕೂತ ಸಿಟ್ಟು ಮತ್ತೆ ಕೆಳಗಿಳಿಯಲೇ ಇಲ್ಲ.

ಅವಳದೊಂದು ಕಟ್ಟಳೆ ಇತ್ತು. ಏಟು ತಿಂದವರ ಹತ್ತಿರ ಅವಳು ದುಡ್ಡು ಮುಟ್ಟುತ್ತಿರಲಿಲ್ಲ. ಹೊಡೆದವನೇ ಕೊಡಬೇಕು. ಅದೂ ಮನೆಯಲ್ಲಿ ಗುಟ್ಟಾಗಿ ಅಲ್ಲ, ಅವನು ಕೆಲಸ ಮಾಡುವ ಜಾಗದಲ್ಲಿ, ನಾಲ್ಕು ಜನರ ಎದುರು. ಕ್ಷೌರದಂಗಡಿಯವನೊಬ್ಬ ಹೆಂಡತಿಯ ಕಿವಿ ಹರಿದಿದ್ದ. ಮೂರು ಜನ ಗಿರಾಕಿಗಳು ಮುಖಕ್ಕೆ ನೊರೆ ಬಳಿದುಕೊಂಡು ಕೂತಿದ್ದಾಗ ಗಾಯದಕ್ಕ ಒಳಗೆ ನುಗ್ಗಿ, "ಏನಪ್ಪಾ ಶೂರಾ, ಕತ್ತರಿ ಗಿರಾಕಿಗಳ ಕೂದಲಿಗಾ, ಹೆಂಡ್ತಿ ಕಿವಿಗಾ? ಫೋಟೋ ಚೆನ್ನಾಗಿ ಬಂದಿದೆ, ದುಡ್ಡು ಇಡು" ಅಂದಳು. ನೊರೆ ಬಳಿದುಕೊಂಡವರಲ್ಲಿ ಇಬ್ಬರು ಹಾಗೇ ಎದ್ದು ಹೊರಟರು. ಅವನು ಗಲ್ಲಾ ತೆರೆದು ದುಡ್ಡು ಕೊಟ್ಟ. ಅವಳು ಅಲ್ಲೇ ಕನ್ನಡಿಯ ಮುಂದಿನ ಹಲಗೆಯ ಮೇಲೆ ರಸೀದಿ ಪುಸ್ತಕ ಬಿಡಿಸಿ, ಅವನ ಹೆಸರು ದೊಡ್ಡದಾಗಿ ಬರೆದು, ಜೋರಾಗಿ ಓದಿ, ಹರಿದು ಕೊಟ್ಟಳು. ಊರೆಲ್ಲ ಒಂದು ವಾರ ಅದೇ ಮಾತು. ಇಪ್ಪತ್ತು ವರ್ಷ ಹೀಗೇ ಎಷ್ಟೋ ಮಂದಿ ಗಂಡಸರಿಗೆ ಅವಳು ನೀರು ಕುಡಿಸಿದ್ದಳು. ಆ ಹೆಮ್ಮೆ ಅವಳಿಗೆ ಊಟಕ್ಕಿಂತ ಹೆಚ್ಚಾಗಿತ್ತು.

ಬಗ್ಗದವನು ಒಬ್ಬನೇ, ಲಾರಿ ಯಜಮಾನ. ಹದಿನಾಲ್ಕು ಲಾರಿ, ಒಂದು ದೊಡ್ಡ ಅಂಗಳ, ಎಮ್ಮೆ ಕತ್ತು. ಅವನ ಹೆಂಡತಿ ಆರು ವರ್ಷದಲ್ಲಿ ಹನ್ನೊಂದು ಸಲ ಸ್ಟೂಲಿನ ಮೇಲೆ ಕೂತಿದ್ದಳು. ಒಮ್ಮೆ ಊದಿದ ಕಣ್ಣು, ಒಮ್ಮೆ ಮುರಿದ ಹಲ್ಲು, ಒಮ್ಮೆ ಬೆನ್ನ ತುಂಬ ಬೆಲ್ಟಿನ ಬರೆ. ಗಾಯದಕ್ಕ ಹನ್ನೊಂದು ಸಲವೂ ಅಂಗಳಕ್ಕೆ ಹೋಗಿ, ಡ್ರೈವರುಗಳ ಎದುರು ಕೂಗಾಡಿದಳು. ಅವನು ನಾಚುವ ಜಾತಿಯಲ್ಲ. ಹಲ್ಲು ಕಿರಿಯುತ್ತ ದುಡ್ಡು ಎಣಿಸಿ, "ರಸೀದಿ ಕೊಡಿ ಮತ್ತೆ, ನಾನು ಲೆಕ್ಕದ ಮನುಷ್ಯ" ಅನ್ನುತ್ತಿದ್ದ. ರಸೀದಿಗಳನ್ನು ಒಂದು ತಂತಿಗೆ ಚುಚ್ಚಿ ಇಡುತ್ತಿದ್ದ.

"ಅಕ್ಕಾ, ಅವರ ಹತ್ರ ಕೇಳಬೇಡಿ, ನಾನೇ ಕೊಡ್ತೀನಿ" ಅಂತ ಒಮ್ಮೆ ಆ ಹೆಂಗಸು ಬೇಡಿಕೊಂಡಿದ್ದಳು. "ನೀವು ಬಂದು ಹೋದ ದಿನ ಮನೇಲಿ ಇನ್ನೂ ನಾಲ್ಕು ಜಾಸ್ತಿ ಬೀಳುತ್ತೆ."

"ನೀನ್ಯಾಕೆ ಕೊಡಬೇಕು? ಏಟೂ ನಿಂದು, ದುಡ್ಡೂ ನಿಂದಾ?" ಅಂತ ಗಾಯದಕ್ಕ ಅವಳ ಬಾಯಿ ಮುಚ್ಚಿಸಿದ್ದಳು.

ಹನ್ನೆರಡನೇ ಸಲ ಆ ಹೆಂಗಸು ಮೆಟ್ಟಿಲು ಹತ್ತಲಿಲ್ಲ. ಮನೆಯ ಮೆಟ್ಟಿಲಿಂದ ಜಾರಿ ಬಿದ್ದು ಸತ್ತಳು ಅಂತ ಲಾರಿ ಯಜಮಾನ ಹೇಳಿದ. ಮೂವರು ಡ್ರೈವರುಗಳು ಹೌದು, ಕಣ್ಣಾರೆ ಕಂಡೆವು ಅಂದರು. ಕೋರ್ಟಿನಲ್ಲಿ ಫೋಟೋಗಳನ್ನು ನೋಡಿದ ಜಡ್ಜ್ ಸಾಹೇಬರು, ಇವೆಲ್ಲ ಹಳೇ ಗಾಯ, ಸಾವಿಗೂ ಇದಕ್ಕೂ ಏನು ಸಂಬಂಧ ಅಂತ ಪಕ್ಕಕ್ಕಿಟ್ಟರು. ಕೇಸು ಹಳ್ಳ ಹಿಡಿಯಿತು. ಅವನು ಮೀಸೆ ತಿರುವಿಕೊಂಡು ಹೊರಬಂದ.

ಗಾಯದಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ರಸ್ತೆಗೆ ಮುಖ ಮಾಡಿದ್ದ ಗಾಜಿನ ಶೋಕೇಸಿನಿಂದ ಮಗುವಿನ ಫೋಟೋ, ಮದುವಣಗಿತ್ತಿಯ ಫೋಟೋ ಎಲ್ಲ ಕಿತ್ತು ಹಾಕಿ, ಆ ಹನ್ನೊಂದನ್ನು ದೊಡ್ಡದು ಮಾಡಿಸಿ ಸಾಲಾಗಿ ತೂಗುಹಾಕಿದಳು. ಕೋರ್ಟು ನೋಡದಿದ್ದರೆ ಬೇಡ, ಊರು ನೋಡಲಿ. ಊರು ನೋಡಿತು. ಬಸ್ಸಿಗೆ ಕಾಯುವವರು ರಸ್ತೆ ದಾಟಿ ಬಂದು ನಿಂತರು. ಲಾರಿ ಅಂಗಳಕ್ಕೆ ಸರಕು ಕೊಡುತ್ತಿದ್ದ ಇಬ್ಬರು ವ್ಯಾಪಾರಿಗಳು ಕೈ ಬಿಟ್ಟರು. ಹತ್ತನೇ ದಿನ ಲಾರಿ ಯಜಮಾನನ ವಕೀಲರ ನೋಟಿಸು ಬಂತು: ಆ ಹನ್ನೊಂದು ಫೋಟೋಗಳ ಹಕ್ಕು ನನ್ನ ಕಕ್ಷಿದಾರರದು, ಹದಿನೈದು ದಿನದೊಳಗೆ ನೆಗೆಟಿವ್ ಸಮೇತ ಒಪ್ಪಿಸತಕ್ಕದ್ದು.

"ತೆಗೆದೋಳು ನಾನು, ಹಕ್ಕು ಅವನದಾ? ಯಾರ ಕಿವಿ ಮೇಲೆ ಹೂವು ಇಡ್ತಾನೆ?" ಅಂತ ಅವಳು ನಕ್ಕಳು.

"ನಗಬೇಡ" ಅಂದ ಅಣ್ಣ. "ಮೊದಲು ಹೋಗಿ ಕಾಪಿರೈಟ್ ನಿನ್ನ ಹೆಸರಿಗೆ ನೋಂದಾಯಿಸಿಕೊಂಡು ಬಾ. ಆಮೇಲೆ ಅವನ ಮುಖಕ್ಕೆ ಎಸೆ."

ನೋಂದಣಿ ಕಚೇರಿ ಹಳೆಯ ಅಂಚೆ ಕಟ್ಟಡದ ಹಿಂಭಾಗದಲ್ಲಿತ್ತು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಕನ್ನಡಕ ಮೂಗಿಗೆ ಇಳಿಸಿಕೊಂಡು ಅರ್ಜಿಯ ಒಂದೊಂದೇ ಕಲಂ ಓದಿ ಕೇಳುತ್ತ ಹೋದಳು. ತೆಗೆದವರು ಯಾರು, ಯಾವಾಗ, ಎಲ್ಲಿ. ಗಾಯದಕ್ಕ ಟಪಟಪ ಉತ್ತರ ಕೊಟ್ಟಳು.

"ಯಾರಾದ್ರೂ ಹೇಳಿ ತೆಗೆಸಿದ್ದಾ? ದುಡ್ಡು ಯಾರು ಕೊಟ್ಟಿದ್ದು?"

"ಅವನೇ ಕೊಟ್ಟಿದ್ದು! ಹನ್ನೊಂದಕ್ಕೂ! ನಾನು ಬಿಡ್ತೀನಾ? ಅವನ ಡ್ರೈವರುಗಳ ಮುಂದೇನೇ ವಸೂಲಿ ಮಾಡಿದ್ದೀನಿ. ನೋಡಿ, ರಸೀದಿ ಪುಸ್ತಕ" ಅಂತ ಎದೆಯುಬ್ಬಿಸಿ ಮುಂದಿಟ್ಟಳು.

ಗುಮಾಸ್ತೆ ರಸೀದಿಯ ಪ್ರತಿ ನೋಡಿದಳು. ಪೆನ್ನು ಕೆಳಗಿಟ್ಟಳು. ಪ್ರತಿ ಹಾಳೆಯ ಮೇಲೂ ಅಣ್ಣ ಅಂದವಾಗಿ ಅಚ್ಚು ಹಾಕಿಕೊಟ್ಟಿದ್ದ ಸಾಲು: ಶ್ರೀಯುತ ಇಂಥವರ ಕೋರಿಕೆಯ ಮೇರೆಗೆ ತೆಗೆದ ಭಾವಚಿತ್ರದ ಬಾಬ್ತು. ಎಲ್ಲ ಸ್ಟುಡಿಯೋದವರ ಪುಸ್ತಕದಲ್ಲೂ ಇರುವ ಸಾಲೇ. ಖಾಲಿ ಜಾಗದಲ್ಲಿ ಅವಳದೇ ಅಕ್ಷರದಲ್ಲಿ ಅವನ ಹೆಸರು, ಹನ್ನೊಂದು ಸಲ.

"ಅಮ್ಮಾ, ಕೇಳಿ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು, ತೆಗೆದವರದ್ದಲ್ಲ. ಇದನ್ನ ನಾನು ನಿಮ್ಮ ಹೆಸರಿಗೆ ಬರೆಯೋಕಾಗಲ್ಲ."

"ಅವನು ಕೇಳಿಲ್ಲ ಕಣಮ್ಮಾ! ಅವನು ಹೊಡೆದಿದ್ದು!"

"ರಸೀದಿ ಕೇಳಿದ ಅಂತ ಹೇಳುತ್ತೆ. ಬರೆದೋರು ನೀವೇ" ಅಂದಳು ಗುಮಾಸ್ತೆ. ಅವಳ ದನಿಯೂ ಕುಗ್ಗಿತ್ತು. "ಇನ್ನೂ ಎಷ್ಟಿವೆ ಇಂಥವು?"

ಗಾಯದಕ್ಕ ರಸೀದಿ ಪುಸ್ತಕ ಮುಚ್ಚಿ ಹಿಂದಕ್ಕೆ ಎಳೆದುಕೊಂಡಳು. ಇಪ್ಪತ್ತು ವರ್ಷದ ಪುಸ್ತಕಗಳು ಸ್ಟುಡಿಯೋದ ಕಪಾಟಿನ ತುಂಬ ಇದ್ದವು. ಊರಿನ ಒಂದೊಂದು ಹರಿದ ಕಿವಿಯನ್ನೂ ಸುಟ್ಟ ಕೈಯನ್ನೂ ಅವಳೇ ಕೂತು, ದೊಡ್ಡಕ್ಷರದಲ್ಲಿ, ಹೊಡೆದವರಿಗೆ ಬರೆದುಕೊಟ್ಟಿದ್ದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದರೆ ಹಾಳಾಗಿ ಹೋಗಲಿ, ಹಾಕಿದ್ದು ಆ ಹೆಂಗಸರ ಕಾಲ ಮೇಲೆ. ನಾನೇ ಕೊಡ್ತೀನಿ ಅಂದವಳ ಬಾಯಿ ಮುಚ್ಚಿಸಿದ್ದು ನೆನಪಾಗಿ, ಕಚೇರಿಯ ಬೆಂಚಿನ ಮೇಲೆ ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಸರದಿಯಲ್ಲಿದ್ದವರು ಬೆಚ್ಚಿ ಹಿಂದೆ ಸರಿದರು.

ನೋಟಿಸು ಬಂದ ಹದಿನಾರನೇ ದಿನ ಬೆಳಿಗ್ಗೆ ಲಾರಿ ಯಜಮಾನ ಇಬ್ಬರು ಆಳುಗಳ ಜತೆ ಬಂದ. ಒಬ್ಬ ಪೇದೆಯೂ ಜತೆಗಿದ್ದ. "ಅವರ ಸೊತ್ತು ಅವರು ತಗೊಳ್ತಾರೆ, ನೀವು ಅಡ್ಡ ಬರಬೇಡಿ" ಅಂದು ಪೇದೆ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟ. ಆಳುಗಳು ಲಾರಿಯ ಕಬ್ಬಿಣದ ಜಾಕಿ ರಾಡಿನಿಂದ ಶೋಕೇಸು ಒಡೆದರು. ಮೇಲೆ ಹೋಗಿ ಕಪಾಟು ಬೀಳಿಸಿ, ನೆಗೆಟಿವ್ ಡಬ್ಬಗಳನ್ನು ಮೆಟ್ಟಿಲಿಂದ ಉರುಳಿಸಿದರು. ಅಡ್ಡ ಬಂದ ಅಣ್ಣನ ಕತ್ತು ಹಿಡಿದು ಗೋಡೆಗೆ ಒತ್ತಿದರು. ಯಜಮಾನ ತನ್ನ ಹನ್ನೊಂದನ್ನು ಹುಡುಕಿ ತೆಗೆದು, ರಸ್ತೆಯ ನಡುವೆ ರಾಶಿ ಹಾಕಿ, ಡೀಸೆಲ್ ಸುರಿದು ಬೆಂಕಿ ಇಟ್ಟ. ನೆಗೆಟಿವ್‌ಗಳು ಚಟಚಟ ಸುರುಟಿಕೊಂಡು ಉರಿದವು.

ಗಾಯದಕ್ಕ ಬೆಂಕಿಗೆ ಕೈ ಹಾಕಿದಳು. ಬೆರಳು ಸುಟ್ಟಿತೇ ಹೊರತು ಏನೂ ಸಿಗಲಿಲ್ಲ. ಎದ್ದು ನಿಂತು, ಸುತ್ತ ನೆರೆದ ಜನರಿಗೆಲ್ಲ ಕೇಳುವಂತೆ ಕಿರುಚಿದಳು:

"ನಿಂದೇ ತಾನೇ? ಹಂಗಾದ್ರೆ ಹೇಳು! ಹೆಂಡ್ತಿ ಹಲ್ಲು ಮುರಿದಿದ್ದಕ್ಕೆ ಯಾಕಪ್ಪಾ ಫೋಟೋ ತೆಗೆಸಿದೆ? ಬೆನ್ನಿನ ಬರೆಗೆ ಯಾಕೆ ದುಡ್ಡು ಕೊಟ್ಟೆ? ಹನ್ನೊಂದು ರಸೀದಿ ಇಟ್ಕೊಂಡಿದ್ದೀಯಲ್ಲ, ಹೊಡೆದೋನು ನೀನೇ ಅಂತ ನಿನ್ನ ರಸೀದಿನೇ ಹೇಳ್ತಿದೆಯಲ್ಲೋ, ಕೊಲೆಗಡುಕಾ!"

ಯಾರೋ ಹಿಂದಿನಿಂದ ನಕ್ಕರು. ಆ ನಗುವನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮುಷ್ಟಿಯಿಂದ ಅವಳ ಮುಖಕ್ಕೆ ಗುದ್ದಿದ. ಅವಳು ಬಿದ್ದಳು. ಬಿದ್ದವಳ ಪಕ್ಕೆಗೆ ಒದ್ದ, ಕೂದಲು ಹಿಡಿದೆತ್ತಿ ಮತ್ತೆ ಗುದ್ದಿದ. ಮೂಗಿನ ಮೂಳೆ ಮುರಿದ ಸದ್ದು ಮುಂದಿನ ಸಾಲಿನವರಿಗೆ ಕೇಳಿಸಿತು. ಪೇದೆ ಆಗ ಓಡಿ ಬಂದು, "ಸಾಕು ಬನ್ನಿ ಯಜಮಾನ್ರೇ, ಸಾಕು" ಅಂತ ಅವನ ತೋಳು ಹಿಡಿದು ಎಳೆದುಕೊಂಡು ಹೋದ.

"ಆಸ್ಪತ್ರೆಗೆ ನಡಿ" ಅಂತ ಅಣ್ಣ ಅಳುತ್ತಿದ್ದ. ಅವಳು ಅವನ ಕೈ ಕೊಡವಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಕ್ಯಾಮೆರಾ ಒಂದು ಉಳಿದಿತ್ತು. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಾನೇ ಸ್ಟೂಲಿನ ಮೇಲೆ ಕೂತು, ಸುಟ್ಟ ಬೆರಳುಗಳಲ್ಲಿ ಟೇಪನ್ನು ಕೆನ್ನೆಗೆ ಹಿಡಿದು, ಇನ್ನೊಂದು ಕೈಯಿಂದ, ದೂರದಿಂದಲೇ ಫೋಟೋ ತೆಗೆಯುವ ತಂತಿಯ ಗುಂಡಿ ಒತ್ತಿದಳು. ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. "ಅಲುಗಬೇಡ ಮುಂಡೇದೇ" ಅಂತ ತನಗೆ ತಾನೇ ಬೈದುಕೊಂಡು ಇನ್ನೊಂದು ತೆಗೆದಳು. ಕಚೇರಿ ಮುಚ್ಚುವ ಮೊದಲು ರೀಲು ತೊಳೆದು, ಫೋಟೋ ಒಣಗಿಸಿ, ಮೂಗಿಗೆ ಬಟ್ಟೆ ಒತ್ತಿಕೊಂಡು ಅದೇ ಕಿಟಕಿಯ ಮುಂದೆ ನಿಂತಳು.

ಗುಮಾಸ್ತೆ ಫೋಟೋ ನೋಡಿದಳು, ಅವಳ ಮುಖ ನೋಡಿದಳು, ಹೊಸ ಅರ್ಜಿ ತೆಗೆದಳು.

"ತೆಗೆದವರು?"

"ನಾನು."

"ಫೋಟೋದಲ್ಲಿರೋರು?"

"ನಾನು."

"ಯಾರಾದ್ರೂ ಕೇಳಿ ತೆಗೆಸಿದ್ದಾ? ದುಡ್ಡು?"

"ಯಾರೂ ಕೇಳಿಲ್ಲ. ಯಾರೂ ಕೊಟ್ಟಿಲ್ಲ. ಬರ್ಕೊಳಮ್ಮಾ."

ಗುಮಾಸ್ತೆ ಬರೆದುಕೊಂಡು, ಅರ್ಜಿ ಸ್ವೀಕರಿಸಿದ ಚೀಟಿಗೆ ಠಸ್ಸೆ ಹೊಡೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಮಾರನೇ ದಿನ ಒಡೆದ ಶೋಕೇಸಿನಲ್ಲಿ ಗಾಜಿಲ್ಲದೆ ಒಂದೇ ಫೋಟೋ ತೂಗಿತು, ಬಾಗಿಲಷ್ಟು ಎತ್ತರ. ಕೆಳಗೆ ಹೊಡೆದವನ ಹೆಸರು, ತಾರೀಖು, ಹೊತ್ತು. ಆ ಏಟನ್ನು ಕಣ್ಣಾರೆ ಕಂಡವರು ಊರ ತುಂಬ ಇದ್ದರು, ಈ ಸಲ ಮೂವರು ಡ್ರೈವರುಗಳ ಮಾತು ನಡೆಯುವಂತಿರಲಿಲ್ಲ. ಮೊದಲು ನೋಡಿ ಹೋಗಿದ್ದವರೆಲ್ಲ ಮತ್ತೆ ಬಂದು ನೋಡಿದರು. ಹನ್ನೊಂದು ಫೋಟೋಗಳಲ್ಲಿದ್ದವಳನ್ನು ನೆನೆದು ಒಬ್ಬ ಮುದುಕಿ ರಸ್ತೆಯಲ್ಲೇ ಕೂತು ಅತ್ತಳು.

ಮೂರನೇ ದಿನ ಮಧ್ಯಾಹ್ನ ಲಾರಿ ಯಜಮಾನ ಒಬ್ಬನೇ ಮೆಟ್ಟಿಲು ಹತ್ತಿ ಬಂದ. ಅವನ ಹಿಂದೆ ಅರ್ಧ ಬಸ್ ನಿಲ್ದಾಣವೇ ಹತ್ತಿ ಬಂತು. ಅವನ ಮುಖದಲ್ಲಿ ಆ ಹಳೇ ಹಲ್ಲುಕಿರಿತವಿತ್ತು. ಜೇಬಿನಿಂದ ನೋಟಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟ.

"ಹೊಡೆದೋನೇ ಕೊಡಬೇಕು, ಅಲ್ವೇನಕ್ಕಾ? ನಿಮ್ಮದೇ ಕಟ್ಟಳೆ. ತಗೊಳ್ಳಿ, ಹತ್ತರಷ್ಟಿದೆ. ರಸೀದಿ ಬರೀರಿ."

ಗಾಯದಕ್ಕನಿಗೆ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಇನ್ನೊಂದರಿಂದ ಅವನನ್ನು ನೋಡಿದಳು. ಇಪ್ಪತ್ತು ವರ್ಷ ಅವಳು ಕೂಗಾಡಿ, ಅಂಗಡಿ ಅಂಗಡಿ ಅಲೆದು ವಸೂಲಿ ಮಾಡಿದ ದುಡ್ಡು ಈಗ ತಾನಾಗಿಯೇ ಬಂದು ಮೇಜಿನ ಮೇಲೆ ಕೂತಿತ್ತು. ಅವಳು ಮೊಣಕೈಯಿಂದ ಅದನ್ನು ನೆಲಕ್ಕೆ ತಳ್ಳಿದಳು.

"ಇದು ನೀನು ತೆಗೆಸಿದ್ದಲ್ಲ ಕಣೋ. ನನಗೋಸ್ಕರ ನಾನು ತೆಕ್ಕೊಂಡಿದ್ದು. ಇದನ್ನ ಮಾರಲ್ಲ."

ಅವನು ಕೈ ಎತ್ತಿದ. ಬಾಗಿಲಲ್ಲಿ ತುಂಬಿದ್ದ ಜನರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ. ಗಾಯದಕ್ಕ ಕ್ಯಾಮೆರಾದ ಮುಚ್ಚಳ ತೆಗೆದು ಕಾದಳು.

"ಹೊಡಿ" ಅಂದಳು. "ಹೊಸ ರೀಲು ಹಾಕಿದ್ದೀನಿ, ಮೂವತ್ತಾರೂ ಬಾಕಿ ಇದೆ."

ಅವನ ಕೈ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ನೋಟುಗಳು ಸ್ಟೂಲಿನ ಸುತ್ತ, ಜನರ ಕಾಲ ಕೆಳಗೆಲ್ಲ ಚೆಲ್ಲಿದ್ದವು, ಯಾರೂ ಕಾಲು ಎತ್ತಿ ಕೊಡಲಿಲ್ಲ. ಅವನು ಮಂಡಿಯೂರಿ ಒಂದೊಂದನ್ನೇ ಆರಿಸಿಕೊಂಡು ಹೋಗುವವರೆಗೂ ಗಾಯದಕ್ಕ ಅವನನ್ನೇ ನೋಡುತ್ತ ನಿಂತಿದ್ದಳು.